ಮಡಿಸಿಟ್ಟ ಕಾಲು

ಜ್ವರದ ರೋಗಿಯನ್ನು ನೋಡಿಕೊಳ್ಳುವುದರಲ್ಲಿ ಒಂದು ನೆಮ್ಮದಿಯಿದೆ. ಬಂದ ಜ್ವರ ಏಳು ದಿನಕ್ಕೋ ಇಪ್ಪತ್ತೊಂದು ದಿನಕ್ಕೋ ಇಳಿಯುತ್ತದೆ, ಇಲ್ಲದಿದ್ದರೆ ಆಸಾಮಿಯನ್ನೇ ಕರೆದುಕೊಂಡು ಹೋಗುತ್ತದೆ. ಎರಡರಲ್ಲೊಂದು ಇತ್ಯರ್ಥವಾದ ಮೇಲೆ ನರ್ಸು ಕೈತೊಳೆದುಕೊಂಡು ಮನೆಗೆ ಹೋಗಬಹುದು. ಈ ಸಕ್ಕರೆ ಕಾಯಿಲೆ ಅನ್ನುವುದಿದೆಯಲ್ಲ, ಇದಕ್ಕೆ ಇತ್ಯರ್ಥವೆಂಬುದೇ ಇಲ್ಲ. ಎರಡು ದಿನಕ್ಕೆಂದು ಬಂದು ಜಗಲಿ ಹಿಡಿದು ಕೂತ ದೂರದ ನೆಂಟನ ಹಾಗೆ ಅದು ಏಳುವುದಿಲ್ಲ, ಅದನ್ನು ಏಳಿಸುವುದೂ ಆಗುವುದಿಲ್ಲ. ದಿನಾ ಅದಕ್ಕೆ ಎಲೆ ಹಾಕಬೇಕು, ದಿನಾ ಅದರ ಮರ್ಜಿ ಕಾಯಬೇಕು. ಸುವರ್ಣಮ್ಮನಿಗೆ ಇದು ಚೆನ್ನಾಗಿ ಅರ್ಥವಾಗುವ ಹೊತ್ತಿಗೆ ಅವಳ ಎರಡೂ ಮಂಡಿಗಳು ಸವೆದು ಹೋಗಿದ್ದವು.

ಅವಳು ಸಕ್ರೆಬೈಲಿನ ಆಚೆಯ ಒಂದು ಹಳ್ಳಿಯ ಒಕ್ಕಲು ಮನೆಯವಳು. ಇಪ್ಪತ್ತೊಂದಕ್ಕೆ ಗಂಡ ಚಳಿಜ್ವರದಲ್ಲಿ ಹೋದ. ವರ್ಷ ಕಳೆಯುವುದರೊಳಗೆ ಅತ್ತೆ ಮನೆಯಲ್ಲೂ ಅಣ್ಣನ ಮನೆಯಲ್ಲೂ ತಾನು ಒಂದು ಹೊರೆ ಅನ್ನುವುದು ತಿಳಿಯಿತು. ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ನರ್ಸು ಕೆಲಸ ಕಲಿಸುತ್ತಾರಂತೆ ಎಂದು ಯಾರೋ ಹೇಳಿದ್ದೇ ಹೊರಟುಬಿಟ್ಟಳು. ಕಂಡವರ ಹೇಲು ಉಚ್ಚೆ ಬಾಚುವ ಕೆಲಸಕ್ಕೆ ನಮ್ಮ ಮನೆ ಹೆಣ್ಣುಮಗಳು ಹೋಗುವುದೇ ಎಂದು ಅಣ್ಣ ಹೊನ್ನಯ್ಯ ಎರಡು ವರ್ಷ ಮಾತು ಬಿಟ್ಟಿದ್ದ. ಆಮೇಲೆ ಅವನಿಗೇ ಟೈಫಾಯಿಡ್ ಆಗಿ ಅದೇ ಆಸ್ಪತ್ರೆಯಲ್ಲಿ ಮಲಗಿದಾಗ ಬಾಚಿದವಳು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಆಗಲೂ ಅವನೇನೂ ಬಾಯಿಬಿಟ್ಟು ಒಳ್ಳೆಯ ಮಾತಾಡಲಿಲ್ಲ ಅನ್ನಿ. ಮುಂದಿನ ಸುಗ್ಗಿಗೆ ಒಂದು ಚೀಲ ಅಕ್ಕಿ ಕಳಿಸಿದ, ಅಷ್ಟೇ.

ವಾರ್ಡಿನಲ್ಲಿ ಹದಿನೈದು ವರ್ಷ ನಿಂತು ದುಡಿದ ಮೇಲೆ, ಐವತ್ತೇಳನೇ ಇಸವಿಯಲ್ಲಿ, ಡಾಕ್ಟರ್ ಯಜ್ಞನಾರಾಯಣ ಅವಳನ್ನು ಕರೆದರು. ಅವರು ಆಗಷ್ಟೇ ಸರ್ಕಾರಿ ಕೆಲಸದಿಂದ ನಿವೃತ್ತರಾಗಿ, ಕೋಟೆಯಲ್ಲಿದ್ದ ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ದವಾಖಾನೆ ಇಟ್ಟಿದ್ದರು. ಅಂಚೆಯಲ್ಲಿ ಪರದೇಶದ ವೈದ್ಯ ಪತ್ರಿಕೆಗಳನ್ನು ತರಿಸಿಕೊಂಡು ಓದುವ ಚಟ ಅವರಿಗೆ. ಓದಿದ್ದನ್ನೆಲ್ಲ ಸುವರ್ಣಮ್ಮನಿಗೆ ಹೇಳುತ್ತಿದ್ದರು, ಅವಳು ಸಿರಿಂಜು ಕುದಿಸುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಲಂಡನ್ನಿನಲ್ಲಿ ಆಗಲಿ ಭದ್ರಾವತಿಯಲ್ಲಿ ಆಗಲಿ ಈ ಕಾಯಿಲೆಗೆ ಡಾಕ್ಟರು ಮಾಡುವುದು ಕಡಿಮೆ, ಔಷಧಿ ಬರೆದುಕೊಟ್ಟರೆ ಅವನ ಕೆಲಸ ಮುಗಿಯಿತು, ಉಳಿದ ಇಪ್ಪತ್ತು ವರ್ಷ ರೋಗಿಯ ಮನೆಗೆ ಹೋಗಿ ವಿಚಾರಿಸುವವರೇ ಅವನನ್ನು ಉಳಿಸಬೇಕು ಎನ್ನುವುದು ಅವರ ವಾದ. ವಾದ ಚೆನ್ನಾಗಿಯೇ ಇತ್ತು. ಆ ಇಪ್ಪತ್ತು ವರ್ಷ ನಡೆಯಬೇಕಾದ ಕಾಲು ಮಾತ್ರ ಸುವರ್ಣಮ್ಮನದು.

ಮಂಗಳವಾರ, ಶುಕ್ರವಾರ ಅವಳು ಬೆಳಗಿನ ರೈಲು ಹತ್ತಿ ಭದ್ರಾವತಿಗೆ ಹೋಗುತ್ತಿದ್ದಳು. ಅಲ್ಲಿ ಏಳು ಮನೆ. ಚೀಲದಲ್ಲಿ ಸ್ಪಿರಿಟ್ ದೀಪ, ಗಾಜಿನ ಕೊಳವೆ, ಹತ್ತಿ, ಒಂದು ನೋಟ್ ಬುಕ್ಕು, ಸೀಸೆಯಲ್ಲಿ ನೀಲಿ ನೀರು. ಆ ನೀರಿಗೆ ಎಂಟು ತೊಟ್ಟು ಮೂತ್ರ ಹಾಕಿ ಕಾಯಿಸಿದರೆ ಬಣ್ಣ ತಿರುಗುತ್ತದೆ. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ, ಹಸಿರಾದರೆ ಸ್ವಲ್ಪ, ಹಳದಿಯಾದರೆ ಜಾಸ್ತಿ, ಇಟ್ಟಿಗೆ ಕೆಂಪಾದರೆ ಮೈಯೆಲ್ಲಾ ಸಕ್ಕರೆ. ಪ್ರತಿ ಮನೆಯಲ್ಲೂ ಮೂರು ವಿಷಯ ನೋಡಿ ಬರೆದುಕೊಂಡು ಬರಬೇಕೆಂದು ಡಾಕ್ಟರು ನೋಟ್ ಬುಕ್ಕಿನಲ್ಲಿ ಗೆರೆ ಎಳೆದುಕೊಟ್ಟಿದ್ದರು: ಮೂತ್ರ, ಸೂಜಿ ಚುಚ್ಚಿದ ಜಾಗ, ಪಾದ.

ಏಳನೆಯ ಮನೆ ಷಣ್ಮುಖಪ್ಪನದು. ಸ್ಟೇಷನ್ನಿಗೆ ಹತ್ತಿರವೆಂದು ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು. ಅವನು ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುವವನು, ವಯಸ್ಸು ಮೂವತ್ತೈದರ ಮೇಲೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಾತು ಕಡಿಮೆ. ಕಾಯಿಲೆಯ ಸುದ್ದಿಯನ್ನು ಕಾರ್ಖಾನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಗೊತ್ತಾದರೆ ಕುಲುಮೆಯಿಂದ ತೆಗೆದು ಮೂಲೆಗೆ ಕೂರಿಸುತ್ತಾರೆ, ಹತ್ತಾರು ವರ್ಷ ಬೆಂಕಿಯ ಮುಂದೆ ನಿಂತವನಿಗೆ ಅದಕ್ಕಿಂತ ಅವಮಾನ ಬೇರೆ ಇಲ್ಲ ಎನ್ನುವುದು ಅವನ ಲೆಕ್ಕ. ಅದಕ್ಕೇ ಭದ್ರಾವತಿಯ ಡಾಕ್ಟರುಗಳನ್ನು ಬಿಟ್ಟು ಶಿವಮೊಗ್ಗದ ಡಾಕ್ಟರ ಕೈಗೆ ಬಿದ್ದಿದ್ದ. ಬಿಳಿ ಸೀರೆಯಲ್ಲಿ ಬಂದರೆ ಸಾಲುಮನೆಗಳ ಹೆಂಗಸರಿಗೆಲ್ಲ ತಿಳಿಯುತ್ತದೆಂದು ಅವನ ಹೆಂಡತಿ ದಾಕ್ಷಾಯಣಮ್ಮ ಮೊದಲ ದಿನವೇ ಕೇಳಿಕೊಂಡಿದ್ದರಿಂದ, ಸುವರ್ಣಮ್ಮ ಬಣ್ಣದ ಸೀರೆಯುಟ್ಟು ದೂರದ ನೆಂಟರ ಹಾಗೆ ಬರುತ್ತಿದ್ದಳು. ಪಕ್ಕದ ಮನೆಯ ತಮಿಳು ಹೆಂಗಸು ಇವಳನ್ನು ಷಣ್ಮುಖಪ್ಪನ ಅಕ್ಕನೆಂದೇ ನಂಬಿದ್ದಳು.

ಮೊದಲ ಸಲ ಬಂದಾಗ ಅವನು ಬದುಕುವ ಸ್ಥಿತಿಯಲ್ಲಿರಲಿಲ್ಲ. ಕೊಡಗಟ್ಟಲೆ ನೀರು ಕುಡಿಯುತ್ತಿದ್ದ, ಮೈ ಕಡ್ಡಿಯಾಗಿತ್ತು, ದವಾಖಾನೆಯ ಬೆಂಚಿನ ಮೇಲೆ ಪ್ರಜ್ಞೆ ತಪ್ಪಿ ಬಿದ್ದ. ಇನ್ಸುಲಿನ್ ಸೂಜಿ ಕೊಟ್ಟು, ನಾಲ್ಕು ದಿನ ಪಕ್ಕದಲ್ಲೇ ಕೂತು ಅವನನ್ನು ಎಬ್ಬಿಸಿದವಳು ಸುವರ್ಣಮ್ಮ. ದಿನಾ ಬೆಳಿಗ್ಗೆ ಸೂಜಿ ಹಾಕಬೇಕೆಂದಾಗ ದಾಕ್ಷಾಯಣಮ್ಮ ಮುಖ ಮುಚ್ಚಿಕೊಂಡು ಅತ್ತಳು. ಅವಳಿಗೆ ಒಂದು ತಿಂಗಳು ಬದನೆಕಾಯಿಯ ಮೇಲೆ ಸೂಜಿ ಚುಚ್ಚುವುದನ್ನು ಅಭ್ಯಾಸ ಮಾಡಿಸಿ, ಔಷಧಿಯ ಸೀಸೆಯನ್ನು ಒದ್ದೆ ಮರಳಿನ ಗಡಿಗೆಯಲ್ಲಿಡುವುದನ್ನು ತೋರಿಸಿ, ಮಠದ ಪ್ರಸಾದದಲ್ಲಿರುವುದೂ ಸಕ್ಕರೆಯೇ ಎಂದು ಗಂಡ ಹೆಂಡತಿ ಇಬ್ಬರಿಗೂ ಗಂಟಲು ಹರಿಯುವ ಹಾಗೆ ಹೇಳಿ, ಒಂದು ದಾರಿಗೆ ತರುವ ಹೊತ್ತಿಗೆ ಸುವರ್ಣಮ್ಮನಿಗೆ ಸಾಕುಸಾಕಾಗಿತ್ತು. ಆದರೂ ಷಣ್ಮುಖಪ್ಪ ಮೈ ತುಂಬಿಕೊಂಡು ಕುಲುಮೆಗೆ ವಾಪಸು ಹೋದ ದಿನ ಅವಳಿಗಾದ ಸಂತೋಷ ಅಷ್ಟಿಷ್ಟಲ್ಲ.

ಅಂದಿನಿಂದ ಅವನಿಗೆ ಇವಳೆಂದರೆ ದೇವರು. ಇವಳು ಬರುವ ಹೊತ್ತಿಗೆ ಬೆಳಗಿನ ಪಾಳಿ ಮುಗಿಸಿ, ಮುಖ ತೊಳೆದು, ಮಡಿ ಪಂಚೆಯುಟ್ಟು ಚಾಪೆಯ ಮೇಲೆ ಕೂತಿರುತ್ತಿದ್ದ. ಕೂರುವುದು ಹೇಗೆಂದರೆ, ಎರಡೂ ಕಾಲನ್ನು ಮಡಿಸಿ ಪಂಚೆಯೊಳಗೆ ಪೂರ್ತಿ ಮುಚ್ಚಿಕೊಂಡು. ದೊಡ್ಡವರ ಎದುರಿಗೆ ಕಾಲು ಚಾಚುವುದುಂಟೆ? ತೋಳು ಕೊಡು ಎಂದರೆ ಕೊಡುತ್ತಿದ್ದ, ಮೂತ್ರದ ಲೋಟವನ್ನು ನಾಚಿಕೊಂಡೇ ಆದರೂ ಹೆಂಡತಿಯ ಕೈಲಿ ಕೊಡಿಸುತ್ತಿದ್ದ. ಪಾದ ನೋಡಬೇಕು ಎಂದರೆ ಮಾತ್ರ ಕೈಮುಗಿದುಬಿಡುತ್ತಿದ್ದ. ಜೀವ ಕೊಟ್ಟವರು ನನ್ನ ಕಾಲು ಮುಟ್ಟಿದರೆ ಆ ಪಾಪವನ್ನು ಎಲ್ಲಿ ಕಳೆಯಲಿ ಎನ್ನುತ್ತಿದ್ದ. ದೊಡ್ಡವರು ಕಾಲು ಮುಟ್ಟಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಒಳಗಿನಿಂದ ದಾಕ್ಷಾಯಣಮ್ಮನೂ ಸೇರಿಸುತ್ತಿದ್ದಳು. ಸುವರ್ಣಮ್ಮನಾದರೂ ಬೇರೆ ಲೋಕದವಳೇ? ಅವಳ ಮನೆಯಲ್ಲೂ ಬಂದವರ ಕಡೆಗೆ ಕಾಲು ಚಾಚಿದ ಮಕ್ಕಳಿಗೆ ಏಟು ಬೀಳುತ್ತಿತ್ತು. ಕಾಲು ಹೇಗಿದೆ ಎಂದು ಬಾಯಲ್ಲೇ ಕೇಳುವಳು, ಚೆನ್ನಾಗಿದೆ ಎಂದು ಅವನು ಹೇಳುವನು, ಅವಳು 'ಪಾದ ಸರಿ' ಎಂದು ಬರೆದುಕೊಳ್ಳುವಳು. ಹೀಗೆ ಐದು ವರ್ಷ ಬರೆದಳು.

ಇನ್ನೊಂದು ವಿಷಯವನ್ನೂ ಹೇಳಬೇಕು. ಮಧ್ಯದಲ್ಲಿ ಒಂದು ವರ್ಷ ಅವನಿಗೆ ಅಂಗಾಲು ಉರಿ ಬಂದಿತ್ತು. ಮೆಣಸಿನಪುಡಿ ಹಚ್ಚಿದ ಹಾಗೆ ಉರಿಯುತ್ತದೆಂದು ಪಾಪ, ನೀರಿನ ಬಾನಿಯಲ್ಲಿ ಕಾಲಿಟ್ಟುಕೊಂಡು ಕೂತಿರುತ್ತಿದ್ದನಂತೆ. ಆಮೇಲೆ ಒಂದು ದಿನ ಉರಿ ತಾನಾಗಿಯೇ ನಿಂತಿತು. ನಿಮ್ಮ ಕೈಗುಣ ಎಂದು ಅವನು ಹೇಳಿದಾಗ ಸುವರ್ಣಮ್ಮ ಹಿಗ್ಗಿದಳು. ಈ ಕಾಯಿಲೆಯಲ್ಲಿ ಒಂದಾದರೂ ವಾಸಿಯಾಯಿತಲ್ಲ ಎಂದು ಡಾಕ್ಟರಿಗೆ ಬಂದು ವರದಿ ಮಾಡಿದಳು. ಡಾಕ್ಟರು ಹಿಗ್ಗಲಿಲ್ಲ. ಉರಿ ನಿಂತದ್ದು ವಾಸಿಯಾಗಿಯೋ, ನರ ಸತ್ತೋ ನೋಡಬೇಕು, ಕಣ್ಣು ಮುಚ್ಚಿಸಿ ಅಂಗಾಲಿಗೆ ಹತ್ತಿ ಸವರಿ, ಗೊತ್ತಾಗುತ್ತದೆಯೇ ಕೇಳಿ ಎಂದರು. ಮುಂದಿನ ಶುಕ್ರವಾರ ಅವಳು ಹತ್ತಿಯನ್ನು ಬತ್ತಿ ಮಾಡಿ ಕೈಯಲ್ಲಿ ಹಿಡಿದೇ ಕೇಳಿದಳು. ಷಣ್ಮುಖಪ್ಪ ಕಾಲನ್ನು ಇನ್ನೂ ಒಳಗೆ ಎಳೆದುಕೊಂಡು ಕೈಮುಗಿದ. ಅವಳು ಹತ್ತಿಯನ್ನು ಚೀಲಕ್ಕೆ ಹಾಕಿಕೊಂಡಳು. ಒಂದು ಸಲ ಗದರಿಸಿದ್ದರೆ ಸಾಕಿತ್ತು, ಪ್ರಸಾದದ ವಿಷಯಕ್ಕೆ ಅಷ್ಟು ಗದರಿಸಿದವಳು ಇದಕ್ಕೆ ಗದರಿಸಲಿಲ್ಲ. ದಣಿದವರಿಗೆ ಮರ್ಯಾದೆ ಸಿಕ್ಕಿದರೆ ಅದನ್ನು ಒದ್ದು ಕಾಲು ಹಿಡಿಯುವುದಕ್ಕೆ ಮನಸ್ಸು ಬರುವುದಿಲ್ಲ.

ಅರವತ್ತಮೂರನೇ ಇಸವಿ, ಸಂಕ್ರಾಂತಿ ಕಳೆದ ಎರಡನೆಯ ವಾರ. ಆ ಮಂಗಳವಾರ ಸುವರ್ಣಮ್ಮ ಷಣ್ಮುಖಪ್ಪನ ಮನೆ ಮುಟ್ಟುವ ಹೊತ್ತಿಗೆ ಬಲಮಂಡಿ ಊದಿಕೊಂಡು ಮಡಿಸಲು ಆಗುತ್ತಿರಲಿಲ್ಲ. ಆರನೆಯ ಮನೆಯಲ್ಲಿ ಒಬ್ಬ ಮುದುಕಿ ಸೂಜಿಯೇ ಬೇಡವೆಂದು ರಂಪ ಮಾಡಿ ಒಂದು ಗಂಟೆ ತಿಂದಿದ್ದಳು. ಒಳಗೆ ಕಾಲಿಟ್ಟರೆ ಮನೆ ತುಂಬ ಊದುಬತ್ತಿಯ ಹೊಗೆ. ಒಂದಲ್ಲ ಎರಡಲ್ಲ, ಐದಾರು ಕಡ್ಡಿ ಹಚ್ಚಿಟ್ಟಿದ್ದರು. ಹೊಗೆಯ ಹಿಂದೆ ಇನ್ನೇನೋ ಒಂದು ವಾಸನೆ ಇತ್ತು. ಮೂಲೆಯಲ್ಲಿ ಇಲಿಗಿಲಿ ಸತ್ತಿರಬೇಕು ಅಂದುಕೊಂಡಳು. ದೀಪ ಹಚ್ಚಿ ಕೊಳವೆ ಕಾಯಿಸಿದರೆ ಬಣ್ಣ ಹಸಿರಿಗೂ ನಿಲ್ಲಲಿಲ್ಲ, ಹಳದಿಗೂ ನಿಲ್ಲಲಿಲ್ಲ, ನೋಡನೋಡುತ್ತಲೇ ಇಟ್ಟಿಗೆ ಕೆಂಪಾಯಿತು.

ಸುವರ್ಣಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು. ಐದು ವರ್ಷ ಮಂಡಿ ಸವೆಸಿದ್ದು ಇದಕ್ಕೇನಾ ಎಂದಳು. ಹಬ್ಬದ ಎಳ್ಳುಬೆಲ್ಲ ಡಬ್ಬದಲ್ಲಿ ಇನ್ನೂ ಉಳಿದಿದೆ ಅಲ್ಲವಾ, ಬಾಯಿ ಕಟ್ಟಲು ಆಗದವರಿಗೆ ನಾನು ಯಾಕೆ ಬರಬೇಕು ಎಂದಳು. ದಾಕ್ಷಾಯಣಮ್ಮ ಏನೋ ಹೇಳಲು ಬಾಯಿ ತೆರೆದಳು, ಷಣ್ಮುಖಪ್ಪ ಅವಳ ಕಡೆ ನೋಡಿದ, ಅವಳು ಸುಮ್ಮನಾದಳು. ಅವನು ತಲೆ ತಗ್ಗಿಸಿ, ತಪ್ಪಾಯ್ತು ಎಂದ. ಕಾಲು ಪಂಚೆಯೊಳಗೆ ಮಡಿಸಿಯೇ ಇತ್ತು. ಸ್ಟೇಷನ್ನಿನ ಕಡೆಯಿಂದ ಗಂಟೆ ಕೇಳಿಸಿತು. ಸುವರ್ಣಮ್ಮ ದೀಪ ಆರಿಸಿ, ಎರಡು ಯೂನಿಟ್ ಹೆಚ್ಚಿಗೆ ಹಾಕಲು ಹೇಳಿ, ನಿಂತುಕೊಂಡೇ 'ಪಾದ ಸರಿ' ಎಂದು ಬರೆದು, ಕುಂಟುತ್ತಾ ರೈಲಿಗೆ ಹೋದಳು.

ಆ ಶುಕ್ರವಾರ ಅವಳು ಹೋಗಲಿಲ್ಲ. ಮಂಡಿಗೆ ಬಿಸಿ ಉಪ್ಪಿನ ಗಂಟು ಕಟ್ಟಿಕೊಂಡು ಮಲಗಿದ್ದಳು. ಐದು ವರ್ಷದಲ್ಲಿ ಅವಳು ತಪ್ಪಿಸಿದ ಮೊದಲ ದಿನ ಅದು.

ಮುಂದಿನ ಮಂಗಳವಾರ ರೈಲು ಭದ್ರಾವತಿಯಲ್ಲಿ ನಿಂತಾಗ ಪ್ಲಾಟ್‌ಫಾರಂ ಮೇಲೆ ದಾಕ್ಷಾಯಣಮ್ಮ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು, ರೈಲಿನ ಒಂದೊಂದೇ ಬೋಗಿಯನ್ನು ನೋಡುತ್ತಿದ್ದಳು. ಸುವರ್ಣಮ್ಮ ಅವಳ ಕೈ ಹಿಡಿದುಕೊಂಡು ಇಳಿದಳು. ಉಳಿದ ಆರು ಮನೆ ಬಿಟ್ಟು ನೇರ ಷಣ್ಮುಖಪ್ಪನ ಮನೆಗೇ ಬಂದಳು. ಷಣ್ಮುಖಪ್ಪ ಜ್ವರದಲ್ಲಿ ಮಲಗಿದ್ದ, ಕಣ್ಣು ಅರೆ ತೆರೆದಿತ್ತು. ಈ ಸಲ ಅವಳು ಅವನನ್ನು ಕೇಳಲಿಲ್ಲ, ಪಂಚೆ ಸರಿಸಿದಳು. ಎಡಗಾಲಿನ ಬೆರಳುಗಳು ಕಪ್ಪಾಗಿದ್ದವು. ಪಾದದ ಮೇಲಿನ ಅರಿಶಿನದ ಬಟ್ಟೆ ಬಿಚ್ಚಿದರೆ ಒಳಗಿನದನ್ನು ನೋಡುವ ಹಾಗಿರಲಿಲ್ಲ. ಹದಿನೈದು ವರ್ಷ ವಾರ್ಡಿನಲ್ಲಿದ್ದವಳಿಗೆ ಈ ಕಾಲು ಉಳಿಯುವುದಿಲ್ಲ ಅನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ.

ನಡೆದದ್ದು ಇಷ್ಟೇ. ಸಂಕ್ರಾಂತಿಯ ಮಾರನೆಯ ದಿನ ಕುಲುಮೆಯ ಹತ್ತಿರ ಒಂದು ಕೆಂಡದ ಚೂರು ಹಾರಿ ಅವನ ಬೂಟಿನೊಳಗೆ ಬಿದ್ದಿತ್ತು. ಹುಣಸೆ ಬೀಜದಷ್ಟು ಚೂರು. ಬೇರೆಯವನಾಗಿದ್ದರೆ ಕುಪ್ಪಳಿಸಿ ಬೂಟು ಕಿತ್ತೆಸೆಯುತ್ತಿದ್ದ. ಇವನಿಗೆ ಗೊತ್ತೇ ಆಗಲಿಲ್ಲ. ಅದು ಆರುವ ತನಕ ಮಾಂಸ ಸುಡುತ್ತಲೇ ಇತ್ತು, ಇವನು ಪಾಳಿ ಮುಗಿಸಿದ. ಮನೆಗೆ ಬಂದು ಬೂಟು ಬಿಚ್ಚಿದಾಗ ಕಾಲುಚೀಲ ಚರ್ಮಕ್ಕೆ ಅಂಟಿಕೊಂಡಿತ್ತಂತೆ. ನೋವಿಲ್ಲದ ಗಾಯ ಎಂಥ ಗಾಯ ಎಂದು ಅರಿಶಿನ ಎಣ್ಣೆ ಕಟ್ಟಿಕೊಂಡ. ಐದು ದಿನಕ್ಕೆ ವಾಸನೆ ಬಂತು. ಅಕ್ಕನವರು ಬರುತ್ತಾರೆ, ಅವರಿಗೆ ವಾಸನೆ ಹೊಡೆಯಬಾರದು ಎಂದು ಊದುಬತ್ತಿ ಹಚ್ಚಿಸಿದ.

ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಮಂಡಿಯ ಕೆಳಗೆ ಕಾಲು ತೆಗೆದರು. ಆ ದಿನ ದವಾಖಾನೆಯಲ್ಲಿ ಡಾಕ್ಟರ್ ಯಜ್ಞನಾರಾಯಣ ಸುವರ್ಣಮ್ಮನ ನೋಟ್ ಬುಕ್ಕನ್ನು ಹಾಳೆ ಹಾಳೆಯಾಗಿ ತಿರುವಿ ಹಾಕಿದರು. ಕನ್ನಡಕ ತೆಗೆದು, ಪ್ರತಿ ಸಲ ಪಾದ ಸರಿ ಎಂದು ಬರೆದಿದೆಯಲ್ಲ ಸಿಸ್ಟರ್ ಎಂದರು.

"ಕೇಳಿ ಬರೆದದ್ದು ಸಾರ್," ಎಂದಳು ಸುವರ್ಣಮ್ಮ. "ಒಂದು ಸಲವೂ ನೋಡಿ ಬರೆದದ್ದಲ್ಲ."

ಬೈದಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಇಡೀ ಪ್ರಪಂಚದಲ್ಲಿ ಈ ಕಾಯಿಲೆಯವರು ಕಾಲು ಕಳೆದುಕೊಳ್ಳುವುದು ಹೀಗೆಯೇ, ನೋವಿಲ್ಲದ್ದನ್ನು ಯಾರೂ ತೋರಿಸುವುದಿಲ್ಲ, ಯಾರೂ ನೋಡುವುದಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿಟ್ಟರು. ಇಡೀ ಪ್ರಪಂಚದ ಸುದ್ದಿ ಕಟ್ಟಿಕೊಂಡು ಅವಳಿಗೇನಾಗಬೇಕಿತ್ತು? ಅವಳು ನೋಡಬೇಕಿದ್ದದ್ದು ಒಂದು ಚಾಪೆಯ ಮೇಲಿನ ಎರಡು ಪಾದ.

ಮೂರು ತಿಂಗಳು ಅವಳು ಷಣ್ಮುಖಪ್ಪನ ಮನೆಗೆ ಹೋಗಲಿಲ್ಲ. ಮೊದಲು ಆಸ್ಪತ್ರೆ, ಆಮೇಲೆ ದಾಕ್ಷಾಯಣಮ್ಮನ ತವರು, ಹಾಗಾಗಿ ಹೋಗಬೇಕಾಗಿಯೂ ಬರಲಿಲ್ಲ. ಉಳಿದ ಆರು ಮನೆಗಳಲ್ಲಿ ಬಾಗಿಲಲ್ಲೇ ಮೊದಲು ಕಾಲು ಚಾಚಿ ಎನ್ನುತ್ತಿದ್ದಳು. ಬೇಡವೆಂದ ಮುದುಕಿಯ ಕಾಲನ್ನು ಎಳೆದೇ ನೋಡಿದಳು. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ. ಊದುಬತ್ತಿಯ ವಾಸನೆ ಬರುತ್ತದೆಂದು ಕೋಟೆಯ ದೇವಸ್ಥಾನಗಳ ಮುಂದೆ ಹಾದುಹೋಗುವುದನ್ನೇ ಬಿಟ್ಟು ಬೇರೆ ದಾರಿ ಹಿಡಿದಳು. ಸಾಕು, ಊರಿಗೆ ಹೋಗಿ ಅಣ್ಣನ ಮನೆಯ ದನ ನೋಡಿಕೊಂಡಿರುತ್ತೇನೆ ಎಂದು ತೀರ್ಮಾನಿಸಿದಳು. ಡಾಕ್ಟರಿಗೆ ಹೇಳಿಯೂ ಆಯಿತು. ಒಂದೇ ಒಂದು ಬಾಕಿ ಇತ್ತು. ಅವನ ಎದುರಿಗೆ ಕೂತು ನಿಜ ಹೇಳಬೇಕಿತ್ತು.

ವೈಶಾಖದ ಬಿಸಿಲಲ್ಲಿ ಒಂದು ಮಂಗಳವಾರ ಹೋದಳು. ಷಣ್ಮುಖಪ್ಪ ಅದೇ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಎರಡು ಊರುಗೋಲು. ಇವಳನ್ನು ಕಂಡು ಏಳಲು ಹೋದ, ಆಗಲಿಲ್ಲ. ಉಳಿದ ಒಂದು ಕಾಲನ್ನು ಅಭ್ಯಾಸಬಲದಿಂದ ಪಂಚೆಯೊಳಗೆ ಎಳೆದುಕೊಂಡ. ಕಾರ್ಖಾನೆಯಲ್ಲಿ ಗೇಟಿನ ಹತ್ತಿರ ಕೂತು ಮಾಡುವ ಕೆಲಸ ಕೊಟ್ಟಿದ್ದಾರೆಂದು ದಾಕ್ಷಾಯಣಮ್ಮ ಹೇಳಿದಳು. ಕಾಯಿಲೆಯ ವಿಷಯ ಮೊದಲೇ ತಿಳಿಸಿದ್ದರೆ ಮೊದಲೇ ಕೊಡುತ್ತಿದ್ದೆವಲ್ಲ ಮಾರಾಯ ಎಂದು ಮೇಸ್ತ್ರಿ ಬೇಜಾರು ಮಾಡಿಕೊಂಡನಂತೆ. ಅದನ್ನು ಹೇಳಿ ಅವಳು ಒಳಗೆ ಹೋದಳು.

ಸುವರ್ಣಮ್ಮ ಚೀಲ ಬಿಚ್ಚಲೇ ಇಲ್ಲ.

"ಷಣ್ಮುಖಪ್ಪನೋರೆ, ಇನ್ಮೇಲೆ ನಾನು ಬರಲ್ಲ. ಬೇರೆ ಯಾರನ್ನಾದ್ರೂ ಡಾಕ್ಟರು ಕಳಿಸ್ತಾರೆ. ಹೋಗೋಕೆ ಮುಂಚೆ ಒಂದು ಮಾತು ಹೇಳ್ಬೇಕು. ಅವತ್ತು ನನಗೆ ವಾಸನೆ ಬಂದಿತ್ತು. ಇಲಿ ಸತ್ತಿದೆ ಅಂದ್ಕೊಂಡೆ. ಎದ್ದು ನೋಡಬಹುದಿತ್ತು, ನೋಡಲಿಲ್ಲ. ಮಂಡಿ ನೋಯ್ತಿತ್ತು, ರೈಲಿಗೆ ಹೊತ್ತಾಗಿತ್ತು. ಅದರ ಮೇಲೆ ನಿಮ್ಮನ್ನೇ ಬೈದು ಹೋದೆ."

ಅವನು ಈಗಲಾದರೂ ಬೈಯಲಿ, ಹೊರಗೆ ಹೋಗು ಎನ್ನಲಿ ಎಂದು ಕಾದಳು. ಷಣ್ಮುಖಪ್ಪ ಕೊರಳಿನ ಕರಡಿಗೆಯನ್ನು ಬೆರಳಲ್ಲಿ ಸವರಿದ.

"ಬೆಲ್ಲ ತಿಂದಿರಲಿಲ್ಲ ಅಕ್ಕಾವ್ರೆ," ಎಂದ. "ಒಂದು ಚೂರೂ ಬಾಯಿಗೆ ಹಾಕಿರಲಿಲ್ಲ. ಅವತ್ತು ಕಾಲು ತೋರಿಸಬೇಕು ಅಂತಲೇ ಕೂತಿದ್ದೆ. ಇವಳೂ ಬೆಳಗಿಂದ ತೋರ್ಸಿ ತೋರ್ಸಿ ಅಂತ ಜೀವ ತಿಂದಿದ್ಲು. ನೀವು ಬಾಗಿಲಲ್ಲಿ ಗೋಡೆ ಹಿಡ್ಕೊಂಡು ಬಂದ್ರಿ. ಮುಖ ಬಾಡಿಹೋಗಿತ್ತು. ಈಗ ಇದನ್ನ ಬಿಚ್ಚಿದ್ರೆ ಇವರಿಗೆ ರೈಲು ತಪ್ತದೆ, ಪಾಪ, ಆ ಕುಂಟೋ ಕಾಲು ಇಟ್ಕೊಂಡು ಎಲ್ಲಿಗೆ ಹೋಗ್ತಾರೆ, ಶುಕ್ರವಾರ ತೋರಿಸಿದ್ರಾಯ್ತು ಅಂದ್ಕೊಂಡೆ."

ಬೆಲ್ಲ ತಿನ್ನದಿದ್ದರೂ ಕೊಳೆಯುವ ಗಾಯವೇ ಸಕ್ಕರೆ ಏರಿಸುತ್ತದೆ, ಅದು ಸುವರ್ಣಮ್ಮನಿಗೆ ಗೊತ್ತಿತ್ತು. ಐದು ವರ್ಷ ಅವಳು ಈ ಮನುಷ್ಯನನ್ನು ನೋಡಿಕೊಂಡಿದ್ದಳು. ಅವಳನ್ನು ಅವನು ನೋಡಿಕೊಂಡದ್ದು ಅದೊಂದೇ ದಿನ, ಅದಕ್ಕೆ ಅವನು ಒಂದು ಕಾಲು ತೆತ್ತಿದ್ದ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಸ್ಪತ್ರೆಯಲ್ಲಿ ಅಷ್ಟು ಸಾವು ನೋಡಿದಾಗಲೂ ರೋಗಿಯ ಎದುರಿಗೆ ಅವಳು ಅತ್ತಿರಲಿಲ್ಲ. ಒಳಬಾಗಿಲಲ್ಲಿ ನೀರಿನ ಚೊಂಬು ಹಿಡಿದು ನಿಂತಿದ್ದ ದಾಕ್ಷಾಯಣಮ್ಮ ಅದನ್ನು ಅಲ್ಲೇ ಕೆಳಗಿಟ್ಟು ನಿಂತಳು.

ಅಳು ನಿಂತ ಮೇಲೆ ಕಣ್ಣು ಬಿಟ್ಟು ನೋಡಿದರೆ, ಷಣ್ಮುಖಪ್ಪ ಎರಡೂ ಕೈ ನೆಲಕ್ಕೆ ಊರಿಕೊಂಡು ಪಂಚೆಯೊಳಗಿನಿಂದ ಬಲಗಾಲನ್ನು ನಿಧಾನಕ್ಕೆ ಹೊರಗೆ ಎಳೆಯುತ್ತಿದ್ದ. ಅದನ್ನು ಅವಳ ಕಡೆಗೆ, ಅವಳ ಮಡಿಲಿಗೇ ತಾಗುವ ಹಾಗೆ ನೀಳವಾಗಿ ಚಾಚಿದ. ಮುಖವನ್ನು ಮಾತ್ರ ನಾಚಿಕೆಯಿಂದ ಗೋಡೆಯ ಕಡೆ ತಿರುಗಿಸಿಕೊಂಡ.

"ಇದೊಂದು ಉಳಿದದೆ," ಎಂದ. "ಬೇರೆಯವರಿಗೆ ಚಾಚೋದು ನನ್ನಿಂದ ಆಗಲ್ಲ ಅಕ್ಕಾವ್ರೆ."

ಸುವರ್ಣಮ್ಮ ಮೂಗು ಒರೆಸಿಕೊಂಡು ಚೀಲ ಬಿಚ್ಚಿದಳು. ಪಾದವನ್ನು ಮಡಿಲಿಗೆ ಎತ್ತಿಟ್ಟುಕೊಂಡು ಹಿಮ್ಮಡಿ ನೋಡಿದಳು, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಕಿರುಬೆರಳಿನ ಪಕ್ಕದಲ್ಲಿ ಚಪ್ಪಲಿ ಉಜ್ಜಿ ಎದ್ದ ಒಂದು ಸಣ್ಣ ಗುಳ್ಳೆ ಇತ್ತು, ಅವನಿಗೆ ಗೊತ್ತೇ ಇರಲಿಲ್ಲ. ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಪಟ್ಟಿ ಹಾಕಿದಳು. ಆಮೇಲೆ ಹತ್ತಿಯನ್ನು ಬತ್ತಿ ಹೊಸೆದು, ಕಣ್ಣು ಮುಚ್ಚಿಕೊಳ್ಳಿ ಎಂದಳು. ಅಂಗಾಲಿಗೆ ಸವರಿ ಗೊತ್ತಾಗುತ್ತದೆಯಾ ಎಂದು ಕೇಳಿದಳು. ಇಲ್ಲ ಎಂದ. ಪಾದದ ಮೇಲೆ ಸವರಿದಳು. ಇಲ್ಲ ಎಂದ. ಕಾಲಿನ ಹರಡು ದಾಟಿ ಮೀನಖಂಡದ ಹತ್ತಿರ ಬಂದಾಗ, ಹ್ಞೂ, ಇಲ್ಲಿ ಗೊತ್ತಾಗ್ತದೆ ಎಂದ.

ಸ್ಟೇಷನ್ನಿನಲ್ಲಿ ಗಂಟೆ ಬಾರಿಸಿತು. ರೈಲು ಬಂದು, ನಿಂತು, ಹೊರಟುಹೋದದ್ದು ಮೂವರಿಗೂ ಕೇಳಿಸಿತು. ಸುವರ್ಣಮ್ಮ ನೋಟ್ ಬುಕ್ಕು ತೆರೆದು ಹೊಸ ಹಾಳೆಯಲ್ಲಿ ಬರೆದಳು: ಬಲಪಾದ, ಸ್ಪರ್ಶವಿಲ್ಲ, ಕಿರುಬೆರಳಿನ ಪಕ್ಕ ಗುಳ್ಳೆ, ನೋಡಿದೆ. ಬರೆದು ಮುಗಿಸಿ, ಶುಕ್ರವಾರ ಬರ್ತೀನಿ, ಅಲ್ಲಿಯವರೆಗೆ ಚಪ್ಪಲಿ ಹಾಕಬೇಡಿ ಎಂದಳು.